ಬಣ್ಣ ಹಾಕದೆ ಬಿಟ್ಟ ಜಾಗ

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ಬೇರೆ ಏನನ್ನೋ ಬರೆದು ಎದ್ದಿದ್ದೇನೆ. ನಿವೃತ್ತನಾದ ಮೇಲೆ ನಮ್ಮ ಕಚೇರಿಯ ಹಳಬರೆಲ್ಲ ಸೇರಿ ತರುವ ಸಂಚಿಕೆಗೆ ಎರಡು ಲೇಖನ ಕೊಟ್ಟೆ. ಒಂದು ಸರಪಳಿ ಹಿಡಿದು ನೆಲ ಅಳೆಯುವ ಹಳೆಯ ಕ್ರಮದ ಬಗ್ಗೆ, ಇನ್ನೊಂದು ನಕ್ಷೆಯ ಬಟ್ಟೆಯ ಮೇಲೆ ಮಸಿ ಹರಡದಂತೆ ಗೆರೆ ಎಳೆಯುವುದರ ಬಗ್ಗೆ. ಓದಿದವರು ಚೆನ್ನಾಗಿದೆ ಎಂದರು. ಎರಡು ಸಲವೂ ಹೇಳಬೇಕಾದದ್ದನ್ನು ಹೇಳದೆ ತಪ್ಪಿಸಿಕೊಂಡಿದ್ದೇನೆ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಈಗ ಕಣ್ಣು ಮಂಜಾಗುತ್ತಿದೆ. ಇನ್ನೂ ಮುಂದೂಡಿದರೆ ಹೇಳುವವನೇ ಇರುವುದಿಲ್ಲ.

ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಮೇಜಿನಿಂದ ಯಾವ ಮೇಜಿಗೆ ಹೋದೆ ಎನ್ನುವುದರಿಂದ ನಿಮಗೇನೂ ಆಗಬೇಕಾದ್ದಿಲ್ಲ. ಒಂದು ತುಂಡು ನೆಲ ಮತ್ತು ಒಬ್ಬ ಹೆಂಗಸಿನ ವಿಷಯ ಹೇಳಬೇಕು. ಅಲ್ಲಿಗೆ ಬರುವ ಮೊದಲು ಕೆಲಸ ಹೇಗಿತ್ತು ಎಂದು ಸ್ವಲ್ಪ ಹೇಳದಿದ್ದರೆ ನಾನು ಮಾಡಿದ್ದು ಎಂಥದ್ದು ಎಂದು ತಿಳಿಯುವುದಿಲ್ಲ.

ಐವತ್ತರ ದಶಕ. ರಾಜಾಜಿನಗರದಲ್ಲಿ ಸಾಲುಮನೆಗಳು ಆಗತಾನೇ ಎದ್ದಿದ್ದವು. ನಮ್ಮ ತಂದೆ ಬಟ್ಟೆ ಗಿರಣಿಯಲ್ಲಿ ಕೆಲಸದಲ್ಲಿದ್ದರು. ನಮಗೂ ಅಂಥದೊಂದು ಮನೆ ಸಿಕ್ಕಿತ್ತು. ಬೀದಿಗೆ ಹೆಸರಿರಲಿಲ್ಲ, ದೀಪವಿರಲಿಲ್ಲ. ಮನೆಯ ಹಿಂದೆ ರಾಗಿ ಹೊಲ, ಅದರಾಚೆ ಕುರುಚಲು. ನಾನು ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಮುಂದೆ ಓದಿಸಲು ಮನೆಯಲ್ಲಿ ಅನುಕೂಲವಿಲ್ಲದೆ, ಸೈಕಲ್ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕುತ್ತಿದ್ದೆ. ಆ ಅಂಗಡಿಗೆ ಒಂದು ದಿನ ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಚಕ್ರ ಸರಿಮಾಡಿಸಲು ಬಂದರು. ಎತ್ತರದ ಆಳು, ಬಿಳಿ ಪೇಟ, ಕಾಲಿಗೆ ಕೆಮ್ಮಣ್ಣಿನ ಧೂಳು. ನಾನು ಚೀಟಿ ಬರೆದುಕೊಟ್ಟದ್ದನ್ನು ನೋಡಿ, "ಅಕ್ಷರ ಚೆನ್ನಾಗಿದೆಯಲ್ಲಯ್ಯಾ. ಬಿಸಿಲಲ್ಲಿ ಓಡಾಡ್ತೀಯಾ?" ಎಂದು ಕೇಳಿದರು.

"ಓಡಾಡ್ತೀನಿ ಸಾರ್."

"ಬೈದ್ರೆ ಕೇಳಿಸ್ಕೊಂಡು ಸುಮ್ಮನಿರ್ತೀಯಾ?"

"ಇಲ್ಲಿ ದಿನಾ ಅದೇ ಸಾರ್," ಎಂದೆ. ಅಂಗಡಿ ಯಜಮಾನರು ಒಳಗಿಂದ ಕೆಮ್ಮಿದರು. ಪ್ರೊಫೆಸರ್ ನಕ್ಕು, ಸೋಮವಾರ ತಮ್ಮ ಸಮೀಕ್ಷೆಯ ಕಚೇರಿಗೆ ಬಂದು ಕಾಣಲು ಹೇಳಿದರು.

ಅವರು ಕೈಗೆತ್ತಿಕೊಂಡಿದ್ದ ಸಂಶೋಧನೆ ಇದು: ಊರು ಪಶ್ಚಿಮ ದಿಕ್ಕಿಗೆ ಬೆಳೆಯುತ್ತಿದೆ, ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವಿನ ಹಳ್ಳಿಗಳು ಇನ್ನು ಕೆಲವೇ ವರ್ಷಗಳಲ್ಲಿ ಬಡಾವಣೆಗಳಾಗುತ್ತವೆ, ಅದಕ್ಕೆ ಮೊದಲು ಅಲ್ಲಿ ಯಾರಿದ್ದಾರೆ, ಯಾವ ನೆಲವನ್ನು ಯಾತಕ್ಕೆ ಬಳಸುತ್ತಿದ್ದಾರೆ ಎಂದು ಕೇಳಿ ತಿಳಿದು ನಕ್ಷೆ ಮಾಡಬೇಕು. ಬಡಾವಣೆ ಮಾಡುವ ಎಂಜಿನಿಯರುಗಳು ಆ ನಕ್ಷೆಯನ್ನು ಎದುರಿಗಿಟ್ಟುಕೊಂಡು ರಸ್ತೆ ಎಳೆಯಲಿ ಎಂಬುದು ಪ್ರೊಫೆಸರರ ಆಸೆ. "ಗೊತ್ತಿಲ್ಲದೆ ಕೆಡವಬಾರದು" ಎಂದು ಅವರು ಆಗಾಗ ಹೇಳುತ್ತಿದ್ದರು. ಒಳ್ಳೆಯ ಮನುಷ್ಯ. ಮುಂದೆ ನಡೆದದ್ದರಲ್ಲಿ ಅವರ ಪಾಲು ಏನೂ ಇಲ್ಲ ಎಂದು ಇಲ್ಲಿಯೇ ಬರೆದುಬಿಡುತ್ತೇನೆ.

ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಮೊದಲು ಮಾಡಿ, ಆಮೇಲೆ ಕನ್ನಡಕ್ಕೆ ತಂದಿದ್ದರು. ಕಾಮಾಕ್ಷಿಪಾಳ್ಯದಲ್ಲಿ ಎತ್ತಿನ ಗಾಡಿಗೆ ಚಕ್ರ ಕಟ್ಟುತ್ತಿದ್ದ ಮುದುಕರೊಬ್ಬರಿಗೆ, ಬರೆದಿದ್ದ ಹಾಗೆಯೇ, "ಬಿಡುವಿನ ವೇಳೆಯನ್ನು ತಾವು ಹೇಗೆ ಕಳೆಯುತ್ತೀರಿ?" ಎಂದು ಕೇಳಿದೆ. ಅವರು ಕೈಯಲ್ಲಿದ್ದ ಬಾಚಿ ಕೆಳಗಿಟ್ಟರು.

"ಇನ್ನೊಂದ್ ಸಲ ಕೇಳು ಮಗಾ."

ಕೇಳಿದೆ.

"ಬಿಡುವಾ? ಬಿಡುವಿದ್ದಿದ್ರೆ ನಿನ್ ತಾವ ಇನ್ನೂ ಒಂದ್ ಗಳಿಗೆ ಕೂತ್ಕೊತಿದ್ದೆ. ಇಲ್ವಲ್ಲ, ಅದ್ಕೇ ಬೇಗ್ನೆ ಎದ್ದೋಗು ಅಂತಿದೀನಿ."

ಆ ಪ್ರಶ್ನೆಯನ್ನು ನಾನು ಆಮೇಲೆ ಯಾರಿಗೂ ಕೇಳಲಿಲ್ಲ. ಎಲ್ಲರಿಗೂ 'ಇಲ್ಲ' ಎಂದು ತುಂಬಿದೆ. ತಪ್ಪೇ; ಆದರೆ ಅದರಿಂದ ಯಾರಿಗೂ ನೋವಾಗಲಿಲ್ಲ.

ಇನ್ನೊಂದು ಕಷ್ಟ ಮಕ್ಕಳ ಲೆಕ್ಕದ್ದು. "ಎಷ್ಟು ಜನ ಮಕ್ಕಳು?" ಎಂದು ಕೇಳಿದರೆ ತಾಯಂದಿರು ಮುಖ ತಿರುಗಿಸುತ್ತಿದ್ದರು. ಎಣಿಸಿದರೆ ದೃಷ್ಟಿಯಾಗುತ್ತದೆ. "ದೇವ್ರು ಕೊಟ್ಟಷ್ಟು" ಎನ್ನುತ್ತಿದ್ದರು. ನಮ್ಮ ಜೊತೆಗಿದ್ದ ಎಂ.ಎ. ಹುಡುಗರು ಬೆವರೊರೆಸಿಕೊಂಡು ಬರಿಗೈಲಿ ವಾಪಸಾಗುತ್ತಿದ್ದರು. ನಾನು ಬೇರೆ ದಾರಿ ಹಿಡಿದೆ. "ಹೊತ್ತಿಗೆ ಎಷ್ಟು ಮುದ್ದೆ ಕಟ್ತೀರಕ್ಕಾ?" ಎಂದು ಕೇಳುತ್ತಿದ್ದೆ. ಅದಕ್ಕೆ ಯಾರೂ ಹಿಂಜರಿಯುತ್ತಿರಲಿಲ್ಲ. ದೊಡ್ಡವರಿಗೆ ದೊಡ್ಡದು ಎಷ್ಟು, ಹುಡುಗರಿಗೆ ಸಣ್ಣದು ಎಷ್ಟು ಎಂದು ಬೆರಳು ಮಡಿಸಿ ಹೇಳುತ್ತಿದ್ದರು. ಪ್ರೊಫೆಸರ್ ಇದನ್ನು ಕೇಳಿ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದರು. ಹಳ್ಳಿಯವರ ಮನಸ್ಸು ತಿಳಿದವನು ನಾನೊಬ್ಬನೇ ಎಂಬ ಹೆಮ್ಮೆ ನನಗೆ ಅಲ್ಲಿಂದ ಶುರುವಾಯಿತು.

ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಊಟದ ಲೆಕ್ಕವನ್ನು ಹೆಂಗಸರಿಂದ ಕೇಳಬಹುದು. ಆದರೆ ಭೂಮಿ, ಮನೆ, ದನ, ಬಾವಿ ಇವುಗಳ ವಿಷಯದಲ್ಲಿ ಮನೆಯ ಯಜಮಾನ ಹೇಳಿದ್ದನ್ನೇ ಬರೆಯಬೇಕು. ಒಬ್ಬೊಬ್ಬರು ಒಂದೊಂದು ಹೇಳಿದರೆ ಕೆಲಸ ಮುಗಿಯುವುದಿಲ್ಲ ಎಂಬ ಕಾರಣಕ್ಕೆ ಆ ನಿಯಮ ಮಾಡಿದ್ದರು. ಹೆಂಗಸರ ಹೆಸರನ್ನು ಕೂಡ ನಾವು ಬರೆಯುತ್ತಿರಲಿಲ್ಲ. 'ಯಜಮಾನನ ಹೆಂಡತಿ' ಎಂದು ಹಾಕಿ ವಯಸ್ಸು ಬರೆದರೆ ಆಯಿತು.

ನೆಲದ ನಕ್ಷೆಗೆ ಬಣ್ಣ ಹಾಕುತ್ತಿದ್ದವರು ವರದರಾಜು ಎಂಬ ನಕ್ಷೆಗಾರರು. ನನಗಿಂತ ಬಹಳ ದೊಡ್ಡವರು, ಬಾಯಲ್ಲಿ ಸದಾ ಎಲೆಯಡಿಕೆ. ಮನೆಗಳಿಗೆ ಹಳದಿ, ಅಂಗಡಿಗೆ ಕೆಂಪು, ಬೇಸಾಯಕ್ಕೆ ಹಸಿರು, ಕೆರೆಗೆ ನೀಲಿ, ಸ್ಮಶಾನಕ್ಕೆ ಬೂದು. ಯಾತಕ್ಕೂ ಬಳಸದ ನೆಲಕ್ಕೆ ಬಣ್ಣವಿಲ್ಲ. ಬಟ್ಟೆಯ ಬಿಳಿಯನ್ನು ಹಾಗೆಯೇ ಬಿಡುವುದು. ಎಂಜಿನಿಯರ ಕಣ್ಣು ಮೊದಲು ಹೋಗುವುದು ಆ ಬಿಳಿಗೇ. ಅಲ್ಲಿ ರಸ್ತೆ ಎಳೆದರೆ ಯಾರನ್ನೂ ಎಬ್ಬಿಸಬೇಕಾಗಿಲ್ಲ, ಯಾರಿಗೂ ಪರಿಹಾರ ಕೊಡಬೇಕಾಗಿಲ್ಲ.

ಗಿಡ್ಡಯ್ಯನಪಾಳ್ಯಕ್ಕೆ ನಾನು ಹೋದದ್ದು ಸುಗ್ಗಿ ಮುಗಿದ ಮೇಲೆ. ಈಗ ಆ ಹೆಸರು ಹೇಳಿದರೆ ವಿಜಯನಗರದಲ್ಲಿ ಯಾರಿಗೂ ತಿಳಿಯುವುದಿಲ್ಲ. ಚಿಕ್ಕ ಕೆರೆ, ಅದರ ಏರಿ, ಏರಿಯ ಕೆಳಗೆ ಊರು. ಊರಗೌಡರಾದ ಚನ್ನೇಗೌಡರು ತಾವೇ ಜೊತೆಗೆ ಬಂದು ಎಲ್ಲ ತೋರಿಸಿದರು. ತಮ್ಮ ಹಿರಿಯರ ಸಮಾಧಿಗಳನ್ನು ಬಹಳ ಅಭಿಮಾನದಿಂದ ತೋರಿಸಿದರು. ಕಲ್ಲು ನೆಟ್ಟು, ಸುಣ್ಣ ಬಳಿದು, ಚೆನ್ನಾಗಿ ಇಟ್ಟಿದ್ದರು. ಅದನ್ನು ಬರೆದುಕೊಂಡೆ. ಅಲ್ಲಿಂದ ಮುಂದೆ ಏರಿಯ ಹಿಂಭಾಗದಲ್ಲಿ ಉದ್ದಕ್ಕೆ ಒಂದು ಪಟ್ಟಿ ನೆಲವಿತ್ತು. ಎಕ್ಕದ ಗಿಡ, ತಂಗಡಿ ಪೊದೆ. ಸುತ್ತ ಎಲ್ಲವೂ ಉತ್ತ ಹೊಲ. ಅದೊಂದು ಮಾತ್ರ ಹಾಗೆಯೇ ಬಿದ್ದಿತ್ತು.

"ಇದೇನು ಗೌಡ್ರೇ?"

"ಯಾವ್ದು?"

"ಇದೇ, ಈ ಪಟ್ಟಿ."

ಅವರು ಆ ಕಡೆ ನೋಡಲೇ ಇಲ್ಲ. "ಏನಿಲ್ಲ ಬನ್ನಿ. ಖಾಲಿ."

ಅಲ್ಲಿಯೇ ದನ ಹೊಡೆದುಕೊಂಡು ಹೋಗುತ್ತಿದ್ದ ಮುದ್ದಯ್ಯ ಎಂಬ ರೈತನನ್ನು ಕೇಳಿದೆ. "ಖಾಲಿ ಸಾಮಿ" ಎಂದು ಅವನೂ ದನದ ಹಿಂದೆ ಬೇಗ ಹೆಜ್ಜೆ ಹಾಕಿದ. ಇನ್ನೊಬ್ಬನೂ ಅದೇ ಮಾತು. ಎಲ್ಲರದೂ ಒಂದೇ ಉತ್ತರವಾದರೆ ನಮಗೆ ಸಂತೋಷ. ಖಾಲಿ ಎಂದು ಬರೆದುಕೊಂಡೆ. ಮಾರನೆಯ ದಿನ ಸರಪಳಿ ಹಿಡಿದು ಅಳತೆ ಮಾಡಿದೆ.

ಅಳತೆ ಮುಗಿಸಿ ನೀರು ಕೇಳಲು ಊರಿನ ಅಂಚಿನ ಮನೆಗೆ ಹೋದೆ. ಅದು ಮುದ್ದಯ್ಯನ ಮನೆ. ಅವನು ಹೊಲಕ್ಕೆ ಹೋಗಿದ್ದ. ಅವನ ಹೆಂಡತಿ ಚೊಂಬಿನಲ್ಲಿ ಮಜ್ಜಿಗೆ ತಂದುಕೊಟ್ಟರು. ಮೂವತ್ತರ ಒಳಗಿನ ವಯಸ್ಸು. ಹಿಂದಿನ ದಿನ ಮುದ್ದೆಯ ಲೆಕ್ಕ ಕೇಳಿದಾಗ, ಗಂಡನಿಗೆ ಒಂದು, ಅತ್ತೆಗೆ ಒಂದು, ತನಗೆ ಒಂದು ಎಂದು ಹೇಳಿ ನಿಲ್ಲಿಸಿದ್ದರು. ನಾನು ಮಜ್ಜಿಗೆ ಕುಡಿಯುವವರೆಗೆ ಬಾಗಿಲ ಪಕ್ಕ ನಿಂತಿದ್ದರು. ಆಮೇಲೆ ಕೇಳಿದರು.

"ಏರಿ ಹಿಂದ್ಗಡೆ ಸರಪಣಿ ಎಳೀತಿದ್ರಲ್ಲ ಅಣ್ಣ, ಅದ್ನ ಏನಂತ ಬರ್ಕೊಂಡ್ರಿ?"

"ಖಾಲಿ ಅಂತ."

"ಖಾಲಿ ಅಂತ ಯಾರು ಹೇಳಿದ್ರು?"

"ಎಲ್ರೂ ಹೇಳಿದ್ರಕ್ಕ. ನಿಮ್ಮ ಯಜಮಾನ್ರೂ ಹೇಳಿದ್ರು."

ಆಕೆ ಬೀದಿಯ ಆ ಕಡೆ ಈ ಕಡೆ ನೋಡಿದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು.

"ಖಾಲಿ ಅಲ್ಲ. ನಮ್ಮವು ಅಲ್ಲಿ ಅವೆ."

ನನಗೆ ತಿಳಿಯಲಿಲ್ಲ. "ಏನವೆ?"

"ಮೂರವೆ ನಂದು. ಒಂದು ಹೆಣ್ಣು, ಎರಡು ಗಂಡು. ಗೌಡ್ರ ಸೊಸೇದು ಒಂದದೆ. ಎಲ್ರ ಮನೇವೂ ಅವೆ. ಹಲ್ಲು ಬರೋಕ್ ಮುಂಚೆ ಹೋದೋವ್ನ ಅಲ್ಲೇ ಇಕ್ಕೋದು."

ಆಮೇಲೆ ಆಕೆ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಹಾಲುಗೂಸು ಸತ್ತರೆ ತಂದೆಯೊಬ್ಬನೇ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಅಲ್ಲಿ ಹೂಳಿ, ಹಿಂದಿರುಗಿ ನೋಡದೆ ಬರಬೇಕು. ಕಲ್ಲು ನೆಡುವಂತಿಲ್ಲ, ಹಾಲು ಬಿಡುವಂತಿಲ್ಲ. ತಾಯಿ ಹೋಗುವಂತಿಲ್ಲ, ಎಲ್ಲಿ ಎಂದು ಕೇಳುವಂತೆಯೂ ಇಲ್ಲ. ಆ ನೆಲದ ಮಾತನ್ನು ಬಾಯಿಂದ ಆಡಿದರೆ ಇನ್ನೊಂದು ಮಗುವನ್ನು ಕರೆದಂತೆ. ಆದ್ದರಿಂದ ಯಾರು ಕೇಳಿದರೂ ಅದು ಖಾಲಿ, ಅಲ್ಲೇನಿಲ್ಲ. ಚನ್ನೇಗೌಡರು ನನಗೆ ಸುಳ್ಳು ಹೇಳಿರಲಿಲ್ಲ. ಅವರು ಆ ಊರಿನಲ್ಲಿ ಹೇಳಬಹುದಾದ ಒಂದೇ ಉತ್ತರವನ್ನು ಹೇಳಿದ್ದರು.

"ಮತ್ತೆ ನಿಮಗೆ ಹೆಂಗೆ ಗೊತ್ತು, ಎಲ್ಲಿ ಅಂತ?"

"ನೀರಿಗೆ ಹೋಗೋ ನೆಪ ಮಾಡ್ಕೊಂಡು ಏರಿ ಮ್ಯಾಲೆ ನಿಂತಿದ್ದೆ. ಮೂರು ಸಲಾನೂ ನಿಂತಿದ್ದೆ. ಇವ್ರಿಗೆ ಗೊತ್ತಿಲ್ಲ." ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿ, "ರೋಡು ಬತ್ತದಂತಲ್ಲಣ್ಣ. ಖಾಲಿ ಅಂದ್ರೆ ಅಗೀತಾರಂತಲ್ಲ. ನೀವು ಬರ್ಕೊಂಬುಡಿ. ಬರ್ಕೊಂಡ್ರೆ ಬಿಡ್ತಾರಂತೆ. ನಾನು ಹೇಳ್ದೆ ಅಂತ ಇವ್ರಿಗೆ ಮಾತ್ರ ಹೇಳ್ಬೇಡಿ" ಎಂದರು.

ನಾನು ಪೆನ್ಸಿಲ್ ತೆಗೆದು, ಹಾಳೆಯ ಮೇಲೆ ಆಡಿಸಿ, "ಬರ್ಕೊಂಡೆ ಅಕ್ಕ" ಎಂದೆ. ಬರೆದುಕೊಳ್ಳಲಿಲ್ಲ. ಆಮೇಲೆ ಯೋಚನೆ ಮಾಡೋಣ ಎಂದುಕೊಂಡೆ ಅಷ್ಟೆ. ಆಕೆಯ ಮುಖ ಅರಳಿತು. ಚೊಂಬಿಗೆ ಮತ್ತಷ್ಟು ಮಜ್ಜಿಗೆ ಹುಯ್ದರು.

ಕಚೇರಿಗೆ ಬಂದು ವರದರಾಜು ಅವರ ಕಿವಿಯಲ್ಲಿ ವಿಷಯ ಹಾಕಿದೆ. ಅವರು ಕುಂಚ ತೊಳೆಯುತ್ತಲೇ ಕೇಳಿದರು.

"ಬಣ್ಣ ಹೇಳಪ್ಪ, ಹಾಕ್ತೀನಿ. ಸ್ಮಶಾನಾನಾ?"

"ಸ್ಮಶಾನ ಅಲ್ಲ ಅಂತಾರೆ ಊರೋರು."

"ಯಜಮಾನ ಯಾರಾದ್ರೂ ಹೇಳಿದಾರಾ?"

"ಇಲ್ಲ. ಒಬ್ಬ ಹೆಂಗಸು."

"ಹಂಗಾದ್ರೆ ನಾನೇನು ನಿನ್ ಮುಖಕ್ಕೆ ಬಣ್ಣ ಹಾಕ್ಲಾ? ಹೋಗಿ ದೊಡ್ಡೋರನ್ನ ಕೇಳ್ಕೊಂಡು ಬಾ. ಅವರು ಹೂಂ ಅಂದ್ರೆ ಬೂದು, ಇಲ್ಲಾಂದ್ರೆ ಬಿಳಿ."

ದೊಡ್ಡವರನ್ನು, ಎಂದರೆ ಪ್ರೊಫೆಸರರನ್ನು, ಕೇಳಲು ನಾನು ಹೋಗಲಿಲ್ಲ. ಆ ವಾರ ನನ್ನ ಕೆಲಸ ಕಾಯಂ ಮಾಡುವ ಮಾತು ನಡೆಯುತ್ತಿತ್ತು. ನನ್ನ ಹಾಳೆಗಳಲ್ಲಿ ಒಂದೂ ತಿದ್ದುಪಡಿ ಇರುವುದಿಲ್ಲ ಎಂದು ಪ್ರೊಫೆಸರ್ ಎಲ್ಲರಿಗೂ ಹೇಳುತ್ತಿದ್ದರು. ಹೋಗಿ ಹೇಳಿದರೆ ಮತ್ತೆ ಹಳ್ಳಿಗೆ ಹೋಗಿ ಗಂಡಸರನ್ನು ಕೇಳಬೇಕು, ಅವರು ಮತ್ತೆ ಖಾಲಿ ಎನ್ನುತ್ತಾರೆ, ನಾನು ಹೆಂಗಸಿನ ಮಾತು ಕಟ್ಟಿಕೊಂಡು ಬಂದವನಾಗುತ್ತೇನೆ. ಹೀಗೆಲ್ಲ ಲೆಕ್ಕ ಹಾಕಿದೆ. ನಿಯಮವಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಆದರೆ ಪ್ರೊಫೆಸರ್ ತಾವಾಗಿಯೇ ಕೇಳಿದರು. ಮಸಿ ಹಾಕುವ ಮೊದಲು ಪ್ರತಿ ನಕ್ಷೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ಅವರ ಅಭ್ಯಾಸ. ಗಿಡ್ಡಯ್ಯನಪಾಳ್ಯದ ನಕ್ಷೆ ಹಿಡಿದು ಬಹಳ ಹೊತ್ತು ನಿಂತರು.

"ಏನಯ್ಯಾ, ಸುತ್ತ ಎಲ್ಲ ಉತ್ತಿದಾರೆ. ಕೆರೆ ಪಕ್ಕದ ಮಣ್ಣು, ಒಳ್ಳೇದೇ ಇರುತ್ತೆ. ಇದೊಂದು ಪಟ್ಟಿ ಯಾಕೆ ಬಿಟ್ಟಿದಾರೆ?"

"ಗೊತ್ತಿಲ್ಲ ಸಾರ್."

"ವಿಚಾರಿಸಿದೆಯಾ?"

"ವಿಚಾರಿಸಿದೆ ಸಾರ್. ಎಲ್ಲರೂ ಖಾಲಿ ಅಂದ್ರು."

"ಖಂಡಿತ?"

"ಖಂಡಿತ ಸಾರ್."

ಅವರು ನನ್ನ ಮುಖ ನೋಡಿ, "ನೀನು ಹೇಳಿದ ಮೇಲೆ ಸರಿ" ಎಂದು ನಕ್ಷೆಯನ್ನು ವರದರಾಜು ಅವರ ಮೇಜಿನ ಮೇಲಿಟ್ಟರು. ವರದರಾಜು ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿದರು. ಆ ಪಟ್ಟಿ ಬಿಳಿಯಾಗಿಯೇ ಉಳಿಯಿತು.

ತಪ್ಪಾಗಿ ಕೇಳಿಸಿಕೊಳ್ಳುವುದು ಬೇರೆ. ಗೊತ್ತಾಗದೆ ತಪ್ಪು ಬರೆಯುವುದು ಬೇರೆ. ಕೇಳಿದವರಿಗೆ, ಕೇಳಿದ ಜಾಗದಲ್ಲಿ, ಗೊತ್ತಿದ್ದೂ ಇಲ್ಲ ಎಂದವನು ನಾನು. ನಿಯಮದ ಹಿಂದೆ ಅಲ್ಲಿಯ ತನಕ ಅಡಗಿದ್ದೆ. ಆ ಒಂದು 'ಖಂಡಿತ' ಎಂಬ ಮಾತಿಗೆ ಯಾವ ನಿಯಮವೂ ಇರಲಿಲ್ಲ.

ಸಂಶೋಧನೆ ಮುಗಿಯಿತು. ನನಗೆ ಕಾಯಂ ಆದೇಶ ಬಂತು. ಬಡಾವಣೆ ಕೆಲಸ ಶುರುವಾದಾಗ, ಆ ಹಳ್ಳಿಗಳ ಗುರುತು ಇರುವವನು ಬೇಕೆಂದು ಎಂಜಿನಿಯರುಗಳು ನನ್ನನ್ನು ಕೆಲವು ತಿಂಗಳ ಮಟ್ಟಿಗೆ ಕೇಳಿ ತೆಗೆದುಕೊಂಡರು. ನಕ್ಷೆ ಹಿಡಿದುಕೊಂಡು, ಯಾವ ಕಲ್ಲು ಎಲ್ಲಿ ಎಂದು ತೋರಿಸುವುದು ನನ್ನ ಕೆಲಸ. ದೊಡ್ಡ ಮೋರಿಯನ್ನು ಆ ಪಟ್ಟಿಯಲ್ಲಿಯೇ ತೆಗೆಯುವುದೆಂದು ಆಗಿತ್ತು. ಎಂಜಿನಿಯರ್ ವಯಸ್ಸಿನಲ್ಲಿ ಚಿಕ್ಕವರು, ಒರಟರಲ್ಲ. ಸುಣ್ಣದಿಂದ ಗೆರೆ ಹಾಕಿಸಿದರು. ಮಣ್ಣು ಕೆಲಸದವರು ಹಾರೆ ಹಿಡಿದರು.

ಬೆಳಗ್ಗೆ ಸ್ವಲ್ಪ ಹೊತ್ತಾಗಿತ್ತು. ಅಗೆಯುತ್ತಿದ್ದ ಮೇಸ್ತ್ರಿ ಹಾರೆ ನಿಲ್ಲಿಸಿ, ಮಣ್ಣಿನಿಂದ ಏನನ್ನೋ ಎತ್ತಿ ಅಂಗೈ ಮೇಲೆ ಇಟ್ಟುಕೊಂಡು ಬಂದ. ಒಂದು ಪುಟ್ಟ ಕರಿಬಳೆ. ನನ್ನ ಹೆಬ್ಬೆರಳು ಕೂಡ ಅದರಲ್ಲಿ ತೂರುತ್ತಿತ್ತೋ ಇಲ್ಲವೋ. ಕೂಸಿಗೆ ದೃಷ್ಟಿಯಾಗದಿರಲೆಂದು ಹಾಕುವಂಥದ್ದು.

"ಇದು ಬ್ಯಾರೆ ಜಾಗ ಸಾಮಿ," ಎಂದ ಅವನು. "ನಾವು ಇಲ್ಲಿ ಅಗಿಯಾಕಿಲ್ಲ."

ಎಂಜಿನಿಯರ್ ಕೆಲಸ ನಿಲ್ಲಿಸಿದರು. ಊರಿನವರು ಆಗಲೇ ಏರಿಯ ಮೇಲೆ ಗುಂಪಾಗಿ ನಿಂತಿದ್ದರು. ಎಂಜಿನಿಯರ್ ಚನ್ನೇಗೌಡರನ್ನು ಕರೆದು ಕೇಳಿದರು: "ಗೌಡ್ರೇ, ಇಲ್ಲಿ ಮಣ್ಣು ಮಾಡ್ತಿದ್ರಾ? ಇದ್ರೆ ಹೇಳ್ಬಿಡಿ. ನಕ್ಷೇಲಿ ಇಲ್ಲ. ಇನ್ನೂ ಶುರು ಅಷ್ಟೆ, ಮೋರೀನ ಆ ಕಡೆ ಹೊಲದ ಅಂಚಿಗೆ ತಗೋತೀವಿ. ನಮಗೇನು ಕಷ್ಟ ಇಲ್ಲ."

ಇಷ್ಟೇ ಸುಲಭವಾಗಿತ್ತು. ಒಬ್ಬರು ಹೂಂ ಎಂದರೆ ಸಾಕಿತ್ತು.

ಗೌಡರು "ಏನಿಲ್ಲ ಸಾಮಿ, ಖಾಲಿ" ಎಂದು ಹೇಳಿ ತಲೆ ತಗ್ಗಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಆದರೂ ಅವರು ಆ ಮಾತನ್ನು ಬಾಯಿಂದ ಆಡಲಾರರು.

ಆಗ ಮುದ್ದಯ್ಯನ ಹೆಂಡತಿ ಗುಂಪಿನಿಂದ ಬಿಡಿಸಿಕೊಂಡು ಏರಿ ಇಳಿದು ಬಂದರು. ಗಂಡ ಕೈ ಹಿಡಿದೆಳೆದರೂ ಕೊಸರಿಕೊಂಡು ಬಂದರು. ಎಲ್ಲರ ಎದುರಿಗೆ, ಜೋರಾಗಿ ಹೇಳಿದರು.

"ಖಾಲಿ ಅಲ್ಲ ಸಾಮಿ! ಕೂಸುಗಳವೆ ಇಲ್ಲಿ. ನಂದೇ ಮೂರವೆ."

ಏರಿಯ ಮೇಲಿದ್ದ ಹೆಂಗಸರು ಕಿವಿ ಮುಚ್ಚಿಕೊಂಡರು. ಒಬ್ಬಳು ತನ್ನ ಕಂಕುಳ ಮಗುವನ್ನು ಸೆರಗಿನೊಳಗೆ ಎಳೆದುಕೊಂಡು ಓಡಿದಳು.

"ನಿಂದೇನಮ್ಮ ಇದು, ಊರೆಲ್ಲ ಒಂದು ಹೇಳ್ತಾರೆ, ನೀನೊಂದು ಹೇಳ್ತೀಯ," ಎಂದರು ಎಂಜಿನಿಯರ್.

"ಈ ಅಣ್ಣಂಗೆ ಗೊತ್ತು." ಆಕೆ ನನ್ನ ಕಡೆ ಕೈ ತೋರಿಸಿದರು. ಮುಖದಲ್ಲಿ ಧೈರ್ಯ ಬಂತು. "ಅವತ್ತೇ ಹೇಳಿದ್ನಲ್ಲಣ್ಣ, ಬರ್ಕೊಂಡ್ರಲ್ಲ ನೀವು. ಇವ್ರಿಗೆ ಹೇಳಿ."

ಎಂಜಿನಿಯರ್ ನನ್ನತ್ತ ತಿರುಗಿದರು. "ಏನ್ರೀ, ಈಕೆ ಹೇಳಿದ್ರಾ ನಿಮಗೆ?"

ನನ್ನ ಕೈಯಲ್ಲಿ ನಕ್ಷೆ ಇತ್ತು. ಹೌದು ಎಂದರೆ, ಮತ್ತೆ ಇದು ಯಾಕೆ ಬಿಳಿ ಎಂದು ಕೇಳುತ್ತಾರೆ. ವಿಷಯ ಪ್ರೊಫೆಸರ ತನಕ ಹೋಗುತ್ತದೆ. ಅಂದು ಕಿಟಕಿಯ ಬಳಿ 'ಖಂಡಿತ' ಎಂದವನು ನಾನೇ ಎಂದು ಅವರಿಗೆ ನೆನಪಾಗುತ್ತದೆ. ಅಷ್ಟೇ ನನ್ನ ತಲೆಯಲ್ಲಿ ಓಡಿದ್ದು. ಕೂಸುಗಳು ಓಡಲಿಲ್ಲ, ಬಳೆ ಓಡಲಿಲ್ಲ.

"ನೆನಪಿಲ್ಲ ಸಾರ್. ನೂರಾರು ಮನೆ ಕೇಳಿದೀನಿ," ಎಂದೆ.

ಆಕೆ ನನ್ನನ್ನು ಬೈಯಲಿಲ್ಲ. ಶಪಿಸಲಿಲ್ಲ. ಕೇಳಿದ್ದು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ ನನ್ನ ಬಾಯಿಯನ್ನೇ ನೋಡುತ್ತ ನಿಂತರು. "ಮಜ್ಜಿಗೆ ಕುಡಿದ್ರಲ್ಲಣ್ಣ," ಎಂದರು ಮೆಲ್ಲಗೆ. ಅಷ್ಟರಲ್ಲಿ ಮುದ್ದಯ್ಯ ಬಂದು, "ಇವ್ಳಿಗೆ ತಲೆ ಸರಿಯಿಲ್ಲ ಸಾಮಿ, ಕೂಸುಗಳು ಹೋದಾಗ್ನಿಂದ ಹಿಂಗೇ. ಅಲ್ಲೇನಿಲ್ಲ" ಎಂದು ಹೇಳಿ ಆಕೆಯನ್ನು ಕರೆದುಕೊಂಡು ಹೋದ. ಮೂರನ್ನೂ ಎತ್ತಿಕೊಂಡು ಬಂದು ಅಲ್ಲಿ ಇಟ್ಟವನು ಅವನೇ.

ಆ ಮೇಸ್ತ್ರಿಯ ಗುಂಪು ಹಾರೆ ಮುಟ್ಟದೆ ಹೊರಟುಹೋಯಿತು. ಬೇರೆ ಗುಂಪನ್ನು ಕರೆಸಿದರು. ಆಮೇಲೆ ಅಲ್ಲಿ ಏನೇನು ಸಿಕ್ಕಿತು ಎಂದು ನನಗೆ ಗೊತ್ತಿಲ್ಲ. ಗೊತ್ತಾಗದಿರಲೆಂದೇ ನಾನು ಕೆಂಗೇರಿ ಕಡೆಯ ಕೆಲಸವನ್ನು ಕೇಳಿ ಹಾಕಿಸಿಕೊಂಡೆ. ಆ ವರ್ಷವೆಲ್ಲ ಕೆಂಗೇರಿ ಸ್ಟೇಷನ್ನಿನ ಆಸುಪಾಸಿನಲ್ಲಿ ಮನೆಗಳ ಬಾಗಿಲು ತಟ್ಟಿದೆ. ಹೆಂಗಸರು ಮಜ್ಜಿಗೆ ಕೊಟ್ಟರೆ ಬೇಡ ಎನ್ನುತ್ತಿದ್ದೆ. ಜಾತಿ ನೋಡುವವನೋ ಏನೋ ಎಂದು ಕೆಲವರು ಬೇಸರಿಸಿಕೊಂಡರು.

ಚನ್ನೇಗೌಡರು ಒಂದು ದಿನ ಮಾಗಡಿ ರಸ್ತೆಯ ಕಾಫಿ ಹೋಟೆಲಿನಲ್ಲಿ ಸಿಕ್ಕರು. ಪರಿಹಾರದ ಕೆಲಸಕ್ಕೆ ಬಂದಿದ್ದರಂತೆ. ನಾನೇ ಕೇಳಿದೆ, ಮುದ್ದಯ್ಯನ ಮನೆಯವರು ಹೇಗಿದ್ದಾರೆ ಎಂದು.

"ಅವಳ್ನ ಯಾರೂ ಒಳಕ್ಕೆ ಕರೆಯೋದಿಲ್ಲ ಕಣಪ್ಪ," ಎಂದರು. "ಅವತ್ತು ಅವಳು ಆ ಮಾತಾಡಿದ್ಳಲ್ಲ, ಆಮೇಲೆ ಊರಲ್ಲಿ ಒಂದು ಕೂಸು ಜ್ವರ ಬಂದು ಹೋಯ್ತು. ಇವಳ ಬಾಯಿಂದ್ಲೇ ಅಂತಾರೆ. ನಾಮಕರಣ, ತೊಟ್ಲು ಅಂದ್ರೆ ಅವಳೇ ಬಾಗ್ಲು ಹಾಕ್ಕೊಂಡು ಒಳಗೆ ಕೂತ್ಕೊತಾಳೆ."

"ನೀವು ನಂಬ್ತೀರಾ ಗೌಡ್ರೇ?"

ಅವರು ಕಾಫಿಯನ್ನು ಬಸಿಗೆ ಸುರಿದು ಆರಿಸಿದರು. "ನಾನು ಬಾಯಿ ಬಿಟ್ಟಿದ್ರೆ ಅವಳು ಬಿಡ್ಬೇಕಾಗಿರ್ಲಿಲ್ಲ," ಎಂದರು. ಆಮೇಲೆ ನನ್ನನ್ನು ನೇರವಾಗಿ ನೋಡಿ ಕೇಳಿದರು: "ನಿಂಗೆ ನಿಜವಾಗ್ಲೂ ನೆನಪಿರ್ಲಿಲ್ವಾ?"

ನಾನು ಕಾಸು ಕೊಟ್ಟು ಎದ್ದು ಬಂದೆ.

ಕೆಲಸದ ರೀತಿ ಆಮೇಲೆ ಬದಲಾಯಿತು. ಸರಪಳಿ ಹೋಗಿ ಟೇಪು ಬಂತು. ವಿಮಾನದಿಂದ ತೆಗೆದ ಚಿತ್ರಗಳು ಬಂದವು. ನನ್ನ ಕೊನೆಯ ವರ್ಷಗಳಲ್ಲಿ ಹುಡುಗರು ಕಂಪ್ಯೂಟರ್ ಮುಂದೆ ಕುಳಿತು ಬಣ್ಣ ತುಂಬುತ್ತಿದ್ದರು. ಬಹಳ ಒಳ್ಳೆಯ ಚಿತ್ರಗಳು, ಒಂದೊಂದು ಮರವೂ ಕಾಣುತ್ತದೆ. ಆ ಹುಡುಗರು ಪೊದೆ ಬೆಳೆದ ನೆಲವನ್ನು ಖಾಲಿ ಎಂದು ಗುರುತು ಮಾಡಿದಾಗ ನಾನು ಪಕ್ಕದಲ್ಲಿ ನಿಂತು, "ಹೋಗಿ ಕೇಳಿದ್ರೇನಪ್ಪಾ?" ಎನ್ನುತ್ತಿದ್ದೆ. "ಏನ್ ಸಾರ್ ನೀವು, ಪ್ರತಿ ಸಲಾನೂ ಇದೇ," ಎಂದು ನಗುತ್ತಿದ್ದರು. ಅವರಿಗೆ ಕಾರಣ ಹೇಳುವ ಧೈರ್ಯ ನನಗೆ ಬರಲಿಲ್ಲ. ಹೆಂಗಸರ ಮಾತನ್ನೂ ಬರೆಯಬೇಕು ಎಂದು ನಿಯಮ ಬದಲಾಯಿಸಿದಾಗ, ಎಲ್ಲರಿಗಿಂತ ಮೊದಲು ಕೈ ಎತ್ತಿದವನು ನಾನು. ಅದನ್ನು ಕೆಲವರು ನನ್ನ ದೊಡ್ಡ ಗುಣವೆಂದು ನಿವೃತ್ತಿಯ ದಿನ ಹೊಗಳಿದರು. ಹಾರ ಹಾಕಿಕೊಂಡು ತಲೆ ತಗ್ಗಿಸಿ ಕುಳಿತಿದ್ದೆ; ಸಂಕೋಚವೆಂದು ತಿಳಿದರು.

ಪ್ರೊಫೆಸರ್ ತೀರಿಕೊಳ್ಳುವ ಮೊದಲು ಒಂದು ಸಲ ನೋಡಲು ಹೋಗಿದ್ದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಅವರು ಹಾಸಿಗೆಯಿಂದಲೇ, "ನಿನ್ನ ಹಾಳೆಗಳಲ್ಲಿ ಒಂದೂ ತಿದ್ದುಪಡಿ ಇರ್ತಿರ್ಲಿಲ್ಲ ಕಣಯ್ಯಾ" ಎಂದರು. ಹಣ್ಣು ಇಟ್ಟು ಬಂದೆ.

ಆಕೆಯನ್ನು ಆಮೇಲೆ ಕಂಡದ್ದು ಒಂದೇ ಸಲ. ಎಷ್ಟೋ ವರ್ಷಗಳು ಕಳೆದಿದ್ದವು. ವಿಜಯನಗರದ ಮಾರುಕಟ್ಟೆಯ ಹೊರಗೆ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಗುರುತು ಹಿಡಿಯುವ ಮೊದಲೇ ಅವರು ಹಿಡಿದರು.

"ಚೆನ್ನಾಗಿದೀರಾ ಅಣ್ಣ?"

"ಚೆನ್ನಾಗಿದೀನಿ."

"ದಂಟು ತಗೊಳ್ಳಿ, ಎಳೇದದೆ. ಮಕ್ಳಿಗೆ ಒಳ್ಳೇದು."

ಮಕ್ಕಳಿಗೆ ಒಳ್ಳೆಯದು ಎಂದು ಆಕೆ ನನಗೆ ಹೇಳಿದರು. ಅದರಲ್ಲಿ ಚುಚ್ಚುವ ಧಾಟಿ ಇರಲಿಲ್ಲ. ಎಲ್ಲರಿಗೂ ಹೇಳುವ ಮಾತು. ಚುಚ್ಚಿದ್ದರೆ ನಾನು ಅಲ್ಲಿಯೇ ಕುಕ್ಕರುಗಾಲಲ್ಲಿ ಕುಳಿತು ಎಲ್ಲ ಹೇಳಿಬಿಡುತ್ತಿದ್ದೆನೇನೋ. ಎರಡು ಕಟ್ಟು ತೆಗೆದುಕೊಂಡೆ. ಚೀಲಕ್ಕೆ ಹಾಕುವಾಗ ಆಕೆಯ ಕೈ ನನ್ನ ಕೈಗೆ ತಾಗಿತು. ನೆನಪಿತ್ತು ಅಕ್ಕ, ಅವತ್ತೂ ನೆನಪಿತ್ತು ಎಂಬ ಮಾತು ಹಲ್ಲಿನ ತನಕ ಬಂತು. ಹಿಂದಿನಿಂದ ಯಾರೋ ಸೊಪ್ಪಿಗೆ ಕೈ ಚಾಚಿದರು. ನಾನು ಪಕ್ಕಕ್ಕೆ ಸರಿದೆ. ಸರಿದವನು ಹಾಗೆಯೇ ನಡೆದುಬಿಟ್ಟೆ. ಪಕ್ಕದಲ್ಲಿ ನಿಂಬೆಹಣ್ಣು ಮಾರುತ್ತಿದ್ದವಳು ಆಕೆಯನ್ನು ಹೆಸರು ಹಿಡಿದು ಕರೆದು ಚಿಲ್ಲರೆ ಕೇಳಿದ್ದು ಬೆನ್ನ ಹಿಂದೆ ಕೇಳಿಸಿತು. ಅಷ್ಟು ವರ್ಷಗಳಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ವಾರ ಹೋದೆ. ಅದರ ಮುಂದಿನ ವಾರವೂ ಹೋದೆ. ಆ ಜಾಗದಲ್ಲಿ ಬೇರೆಯವರು ಕುಳಿತಿದ್ದರು. ನಿಂಬೆಹಣ್ಣಿನವಳಿಗೂ ಗೊತ್ತಿರಲಿಲ್ಲ.

ಆ ಮೋರಿಯ ಮೇಲೆ ಈಗ ಕಲ್ಲು ಹಾಸಿದ್ದಾರೆ, ಜನ ಸಂಜೆ ನಡೆದಾಡುತ್ತಾರೆ. ನಾನು ಆ ದಾರಿಯಲ್ಲಿ ಹೋಗುವುದಿಲ್ಲ. ನೀವು ಈ ಕೆಲಸಕ್ಕೆ ಸೇರುವವರು; ಕೇಳಿದ್ದನ್ನು ಬರೆಯಲು ನಿಯಮ ಬಿಡದಿದ್ದರೆ ನಿಯಮ ಮಾಡಿದವರ ಬಳಿಗೆ ಹೋಗಿ ಹೇಳಿ. ಅವರು ಕೇಳುವ ಮನುಷ್ಯರಾಗಿರಬಹುದು. ನನ್ನವರು ಆಗಿದ್ದರು. ಬರೆದುಕೊಳ್ಳದೆ ಬರೆದುಕೊಂಡೆ ಎಂದು ಯಾರಿಗೂ ಹೇಳಬೇಡಿ.

ಇಷ್ಟು ಪುಟಗಳಲ್ಲಿಯೂ ಆಕೆಯನ್ನು ಮುದ್ದಯ್ಯನ ಹೆಂಡತಿ ಎಂದೇ ಬರೆದೆ. ಕ್ಷಮಿಸಿ ಎಂದು ನಾನು ಹೇಳಬೇಕಾಗಿದ್ದದ್ದು, ಹೇಳದೆ ಉಳಿದದ್ದು, ಹೊನ್ನಗಂಗಮ್ಮನವರಿಗೆ.